ಕೆರೆಯಂಚಿನ ಉದ್ಯಾನಕ್ಕೆ ಬೀಗ ಹಾಕಿದವರಿಗೆ

ಕಲಬುರಗಿಯ ನಮ್ಮ ಬಡಾವಣೆಯ ಕೆರೆಯಂಚಿನ ಉದ್ಯಾನಕ್ಕೆ ಬೀಗ ಬಿದ್ದಿದೆ. ಗೇಟಿನ ಪಕ್ಕದಲ್ಲಿ ನೀಲಿ ಫಲಕವೂ ಬಂದಿದೆ: ‘ನಿವಾಸಿಗಳಿಗೆ ಮಾತ್ರ. ಗುರುತಿನ ಕಾರ್ಡ್ ಕಡ್ಡಾಯ.’ ನಿನ್ನೆ ಸಂಜೆ ಅದನ್ನು ಕಂಡಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ, ನುಂಗಿಕೊಂಡು ಸುಮ್ಮನಿರುವವಳಲ್ಲ. ಬೀಗ ಹಾಕಿಸಿದ ನಮ್ಮ ನಿವಾಸಿಗಳ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದೆ, ‘ಇದು ಚರ್ಚೆಯ ಜಾಗವಲ್ಲ ಮೇಡಂ’ ಎಂಬ ಉತ್ತರ ಬಂತು. ಹಾಗಾದರೆ ಇಲ್ಲಿ ಬರೆಯುತ್ತೇನೆ.

ನಿನ್ನೆ ನಡೆದದ್ದು ಇಷ್ಟು. ಕೆರೆ ಏರಿಯ ಆಚೆಯ ಹಳ್ಳಿಯಿಂದ ದಿನಾ ಸಂಜೆ ಒಬ್ಬ ಅಜ್ಜ ಬಂದು ಉದ್ಯಾನದ ಬೇವಿನ ಮರದ ಕೆಳಗೆ ಕೂರುತ್ತಾರೆ. ಕೋಲೂರಿಕೊಂಡು ನಿಧಾನವಾಗಿ ಬರುತ್ತಾರೆ, ಕತ್ತಲಾಗುವ ಮೊದಲು ಏಳುತ್ತಾರೆ. ಯಾರಿಗೂ ಒಂದು ಮಾತು ಅಂದವರಲ್ಲ. ನಿನ್ನೆ ವಾಚ್‌ಮನ್ ಅವರನ್ನು ಗೇಟಿನಲ್ಲೇ ತಡೆದ. ಅವನೂ ಅದೇ ಹಳ್ಳಿಯ ಹುಡುಗ. ‘ಕಾಕಾ, ನನ್ನ ಕೈಯಲ್ಲಿ ಏನೂ ಇಲ್ಲ. ಬಿಟ್ಟರೆ ಕೆಲಸ ಹೋಗುತ್ತದೆ’ ಎಂದು ನೆಲ ನೋಡುತ್ತಾ ಹೇಳುತ್ತಿದ್ದ. ನಾನು ಮುಂದೆ ಹೋಗಿ, ಅವರು ನಮ್ಮ ಮನೆಯ ಅತಿಥಿ ಎಂದು ಬರೆದುಕೋ ಎಂದೆ. ಅವನು ರಿಜಿಸ್ಟರ್ ತೆಗೆದು ನನ್ನ ಮನೆ ಸಂಖ್ಯೆ ಬರೆದು, ಅಜ್ಜನ ಮುಂದೆ ಹಿಡಿದು ಹೆಬ್ಬೆಟ್ಟು ಒತ್ತಲು ಮಸಿಯ ಡಬ್ಬಿ ತೆರೆದ. ಅಜ್ಜ ಆ ಡಬ್ಬಿಯನ್ನೇ ಸ್ವಲ್ಪ ಹೊತ್ತು ನೋಡಿದರು. ‘ಬೇಡ ತಾಯಿ, ಇಲ್ಲಿ ಕೂರುವುದಕ್ಕೆ ಹೆಬ್ಬೆಟ್ಟು ಒತ್ತಲಾರೆ’ ಎಂದು ಹೊರಗಿನ ಮೋರಿ ಕಟ್ಟೆಯ ಮೇಲೆ ಕುಳಿತರು.

ಆ ಬೇವಿನ ಮರ ಯಾರದು ಎಂದು ನಮ್ಮ ಪದಾಧಿಕಾರಿಗಳಿಗೆ ತಿಳಿಯದೇ ಇರಬಹುದು. ನಮ್ಮ ಸೈಟುಗಳೆಲ್ಲ ಇರುವುದು ಒಂದು ಕಾಲದ ತೊಗರಿ ಹೊಲದ ಮೇಲೆ. ಅದರಲ್ಲಿ ಒಂದು ಭಾಗ ಅಜ್ಜನದು. ಬಡಾವಣೆ ಮಾಡುವಾಗ ಜೆಸಿಬಿ ಬಂದು ಬದುಗಳನ್ನೆಲ್ಲ ಸಪಾಟು ಮಾಡಿತು. ನಕ್ಷೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿ ಬಂದಿದ್ದರಿಂದ ಬೇವು ಉಳಿಯಿತು. ಅದು ಅವರ ತಂದೆ ನೆಟ್ಟ ಮರ. ಈಗ ಅದರ ನೆರಳಿಗೆ ಕಾರ್ಡ್ ಬೇಕು.

ಅಯ್ಯೋ ಪಾಪ ಎನ್ನಿಸಲು ಇದನ್ನು ಬರೆಯುತ್ತಿಲ್ಲ. ಆ ಬೀಗ ಹಾಕುವ ಹಕ್ಕು ನಮಗೆ ಇಲ್ಲ ಎಂದು ಹೇಳಲು ಬರೆಯುತ್ತಿದ್ದೇನೆ.

ಸೈಟು ಮಾರುವಾಗ ಹಂಚಿದ ಬಣ್ಣದ ಪುಸ್ತಿಕೆ ನನ್ನ ಬಳಿ ಇನ್ನೂ ಇದೆ. ‘ಕೆರೆಯ ದಂಡೆಯಲ್ಲಿ ನಿಮ್ಮದೇ ಖಾಸಗಿ ಉದ್ಯಾನಗಳು’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಅದು ಮಾರುವವರ ಮಾತು. ಕಾನೂನಿನ ಮಾತು ಬೇರೆ ಇದೆ. ನಮ್ಮ ರಾಜ್ಯದಲ್ಲಿ ಖಾಸಗಿಯವರು ಬಡಾವಣೆ ಮಾಡಬೇಕಾದರೆ ಯೋಜನಾ ಪ್ರಾಧಿಕಾರದಿಂದ ನಕ್ಷೆಗೆ ಒಪ್ಪಿಗೆ ಪಡೆಯಬೇಕು; ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಜಾಗ ಬಿಡಬೇಕು; ರಸ್ತೆ ಮತ್ತು ಉದ್ಯಾನದ ಜಾಗವನ್ನು ಹಣ ಕೇಳದೆ ಸರ್ಕಾರಿ ಸಂಸ್ಥೆಗೆ ಬರೆದುಕೊಡಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಮ್ಮ ಬಡಾವಣೆಯ ನಕ್ಷೆಯ ಪ್ರತಿಯನ್ನೂ ಹಕ್ಕು ಬಿಟ್ಟುಕೊಟ್ಟ ಪತ್ರದ ಪ್ರತಿಯನ್ನೂ ಹಿಂದೆಯೇ ತರಿಸಿಟ್ಟಿದ್ದೇನೆ. ಕೆರೆಯಂಚಿನದೂ ಸೇರಿ ಬಡಾವಣೆಯ ಮೂರೂ ಉದ್ಯಾನಗಳು ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿವೆ. ಮೂರನ್ನೂ ಬರೆದುಕೊಟ್ಟಿದ್ದಾರೆ. ನಾವು ದುಡ್ಡು ಕೊಟ್ಟು ಕೊಂಡದ್ದು ನಮ್ಮ ನಮ್ಮ ಸೈಟುಗಳನ್ನು, ಉದ್ಯಾನವನ್ನಲ್ಲ. ಕೆರೆಯನ್ನಂತೂ ಅಲ್ಲವೇ ಅಲ್ಲ.

ಉದ್ಯಾನಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯಿದೆ ಇದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಾಗ, ಅದು ಸಾರ್ವಜನಿಕರ ಜಾಗ, ಹಾಗೆ ಕೊಡಲಾಗದು ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದು ಮುದ್ದಪ್ಪ ಪ್ರಕರಣವೆಂದೇ ಹೆಸರಾಗಿದೆ. ಆ ದಾವೆ ಹೂಡಿದವರು ಯಾರು ಗೊತ್ತೇ? ನಮ್ಮಂತೆಯೇ ಆ ಬಡಾವಣೆಯಲ್ಲಿ ವಾಸವಿದ್ದ ಜನ. ಉದ್ಯಾನ ಎಲ್ಲರಿಗೂ ಉಳಿಯಲಿ ಎಂದು ಅವರು ಕೋರ್ಟಿನ ಮೆಟ್ಟಿಲು ಹತ್ತಿದರು. ನಾವು ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಬೀಗ ಕೊಳ್ಳಲು ವಂತಿಗೆ ಎತ್ತಿದ್ದೇವೆ.

‘ತಿಂಗಳು ತಿಂಗಳು ನಿರ್ವಹಣೆಗೆ ಹಣ ಕೊಡುವವರು ನಾವು’ ಎನ್ನುತ್ತಾರೆ. ನಾನೂ ಕೊಡುತ್ತೇನೆ, ತಪ್ಪದೆ ಕೊಡುತ್ತೇನೆ. ಹುಲ್ಲು ಕತ್ತರಿಸಿದ್ದಕ್ಕೆ, ಗಿಡಕ್ಕೆ ನೀರುಣಿಸಿದ್ದಕ್ಕೆ ಕೊಟ್ಟ ಹಣದಿಂದ ನೆಲ ನಮ್ಮದಾಗುವುದಿಲ್ಲ.

‘ಹೊರಗಿನವರು ಬಂದು ಗಲೀಜು ಮಾಡುತ್ತಾರೆ’ ಎಂಬುದು ಎರಡನೆಯ ಮಾತು. ಇದನ್ನು ಕೇಳಿದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಕಳೆದ ವಾರ ಹೊಂಗೆಯ ಸಸಿಗೆ ಸುತ್ತಿಕೊಂಡಿದ್ದ ಬಲೂನಿನ ದಾರವನ್ನು ನಾನೇ ಕೂತು ಬಿಡಿಸಿದೆ. ಪಕ್ಕದಲ್ಲಿ ಕೇಕಿನ ಡಬ್ಬಿ, ಥರ್ಮೊಕೋಲ್ ತಟ್ಟೆಗಳು, ಹುಲ್ಲಿನ ಮೇಲೆ ಚೆಲ್ಲಿದ ಮಿನುಗು ಕಾಗದ. ಹಳ್ಳಿಯವರು ಅಲ್ಲಿ ಹುಟ್ಟುಹಬ್ಬ ಮಾಡುವುದಿಲ್ಲ. ಇನ್ನು ಕೆರೆಯ ವಿಷಯ. ಮೂರನೆಯ ಅಡ್ಡರಸ್ತೆಯ ಕೊನೆಗೆ ಹೋಗಿ ನಿಂತು ನೋಡಿ. ನಮ್ಮ ಒಳಚರಂಡಿಯ ಗುಂಡಿ ಉಕ್ಕಿ, ಬೂದು ಬಣ್ಣದ ನೊರೆ ನೀರು ಮಳೆನೀರಿನ ಕಾಲುವೆಗೆ ಬಿದ್ದು ನೇರವಾಗಿ ಕೆರೆಗೆ ಇಳಿಯುತ್ತದೆ. ಅದು ಇಳಿಯುವ ಮೂಲೆಯಲ್ಲೇ ಜಲಕಳೆ ದಟ್ಟವಾಗಿ ಹಬ್ಬಿದೆ. ಕೊಳಚೆಯಲ್ಲಿರುವ ಸಾರಜನಕ, ರಂಜಕ ಆ ಕಳೆಗೆ ಗೊಬ್ಬರ. ಕಳೆ ನೀರನ್ನು ಮುಚ್ಚಿದರೆ ನೀರಿನೊಳಗಿನ ಆಮ್ಲಜನಕ ಕಡಿಮೆಯಾಗುತ್ತದೆ, ಮೀನು ಸಾಯುತ್ತವೆ. ಬೇಸಿಗೆಯಲ್ಲಿ ಮೀನು ತೇಲಿದಾಗ ವಾಸನೆ ಎಂದು ಕಿಟಕಿ ಮುಚ್ಚಿಕೊಂಡೆವಲ್ಲ, ಆ ಕೊಳಚೆ ನಮ್ಮ ಬಚ್ಚಲಿನದು. ಬೀಗಕ್ಕೆ, ಫಲಕಕ್ಕೆ, ಕಾರ್ಡ್ ಮುದ್ರಣಕ್ಕೆ ಖರ್ಚು ಮಾಡಿದ ಹಣದಲ್ಲಿ ಆ ಗುಂಡಿಯನ್ನು ಸ್ವಚ್ಛ ಮಾಡಿಸಬಹುದಿತ್ತು.

ಮೂರನೆಯದು ಹೆಣ್ಣುಮಕ್ಕಳ ಸುರಕ್ಷತೆ. ನನಗೂ ಮಗಳಿದ್ದಾಳೆ, ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಹಳ್ಳಿಯ ಹೆಂಗಸರು ಸಂಜೆ ಹೊತ್ತು ಉದ್ಯಾನದ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಾ ಕುಳಿತಿರುತ್ತಿದ್ದಾಗ ನನ್ನ ಮಗಳು ದೀಪ ಹತ್ತಿದ ಮೇಲೂ ಅಲ್ಲಿ ಓಡಾಡುತ್ತಿದ್ದಳು. ‘ಅಕ್ಕಾರೇ, ಮಗಳು ಈಗಷ್ಟೇ ಏರಿ ಕಡೆ ಹೋದಳು’ ಎಂದು ಅವರೇ ಹೇಳುತ್ತಿದ್ದರು. ಈಗ ಅಲ್ಲಿ ಯಾರೂ ಇಲ್ಲ. ಕೆರೆ ಕಡೆಯ ಎರಡು ವಿದ್ಯುತ್ ದೀಪಗಳು ಕೆಟ್ಟು ಎಷ್ಟೋ ಕಾಲವಾಯಿತು. ಜನರಿಲ್ಲದ, ಬೆಳಕಿಲ್ಲದ ಜಾಗಕ್ಕೆ ಮಗಳನ್ನು ಕಳಿಸಲು ನನಗೆ ಭಯವಾಗುತ್ತದೆ.

ಒಂದು ಮಾತು ಹೇಳಬೇಕು. ಈ ಬಡಾವಣೆ ಎಂದರೆ ನನಗೆ ಪ್ರಾಣ. ಕೋಟೆಯ ಹತ್ತಿರದ ಇಕ್ಕಟ್ಟಾದ ಓಣಿಯಲ್ಲಿ ಬೆಳೆದವಳು ನಾನು. ಮನೆಯೊಳಗೆ ಮಧ್ಯಾಹ್ನವೂ ದೀಪ ಹಾಕಬೇಕಿತ್ತು. ಭವಿಷ್ಯನಿಧಿಯ ಹಣ ಪೂರ್ತಿ ತೆಗೆದು, ಅವ್ವ ಕೊಟ್ಟ ಪಾಟ್ಲಿ ಮಾರಿ ಈ ಸೈಟು ಕೊಂಡದ್ದು ಬೆಳಿಗ್ಗೆ ಎದ್ದು ಕೆರೆ ನೋಡುವ ಆಸೆಗೆ. ಬೆಳ್ಳಕ್ಕಿಗಳು ಏರಿಯ ಮೇಲಿಂದ ಇಳಿಯುವುದನ್ನು, ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುವುದನ್ನು ಚಹಾ ಹಿಡಿದು ನೋಡುವ ಸುಖ ನನಗೆ ಇನ್ನೂ ಹಳತಾಗಿಲ್ಲ. ಓಣಿಯಲ್ಲಿದ್ದಾಗ ಅಪ್ಪ ಭಾನುವಾರ ನಮ್ಮನ್ನು ಪಬ್ಲಿಕ್ ಗಾರ್ಡನ್ನಿಗೆ ಕರೆದುಕೊಂಡು ಹೋಗುತ್ತಿದ್ದರು, ಕೆಲವೊಮ್ಮೆ ಶರಣಬಸವೇಶ್ವರ ಕೆರೆಯ ದಂಡೆಗೆ. ನೀನು ಯಾರ ಮಗಳು, ಯಾವ ಓಣಿಯವಳು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅಪ್ಪ ಮತ್ತೆ ಅಲ್ಲಿಗೆ ಕಾಲಿಡುತ್ತಿರಲಿಲ್ಲ, ಅಷ್ಟು ಮಾನವಂತರು. ನಿನ್ನೆ ಮೋರಿ ಕಟ್ಟೆಯ ಮೇಲೆ ಕುಳಿತ ಅಜ್ಜನನ್ನು ನೋಡಿ ನನಗೆ ಅಪ್ಪನೇ ನೆನಪಾದರು, ಅಳು ಬಂತು.

ನಮ್ಮ ಊರಿನ ಬಿಸಿಲು ಎಂಥದ್ದೆಂದು ಹೊರಗಿನವರಿಗೆ ಹೇಳಬೇಕಾದೀತು, ನಿಮಗೆ ಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. 42–43 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಉದ್ಯಾನದ ಶಹಾಬಾದ್ ಕಲ್ಲಿನ ಬೆಂಚು ಸಂಜೆ ಏಳಕ್ಕೂ ಸುಡುತ್ತಿರುತ್ತದೆ, ಬೇವಿನ ಕೆಳಗಿನದು ಮಾತ್ರ ತಣ್ಣಗಿರುತ್ತದೆ. ನಮ್ಮ ಮನೆಗಳಲ್ಲಿ ಎ.ಸಿ. ಇದೆ, ಕೂಲರ್ ಇದೆ. ಏರಿಯ ಆಚೆ ತಗಡಿನ ಸೂರಿನ ಮನೆಗಳಿವೆ. ಹಗಲೆಲ್ಲ ಕಾದ ತಗಡಿನ ಕೆಳಗೆ ಸಂಜೆ ಹೊತ್ತು ಕೂಸುಗಳನ್ನು ಮಲಗಿಸಲು ಆಗುವುದಿಲ್ಲ ಎಂದು ಆ ತಾಯಂದಿರು ಮರದ ಕೆಳಗೆ ಬರುತ್ತಿದ್ದರು. ಈ ಉದ್ಯಾನದ ಅಗತ್ಯ ಯಾರಿಗೆ ಹೆಚ್ಚು?

ಎಳ್ಳಮಾವಾಸ್ಯೆಯ ದಿನ ನೆನೆಸಿಕೊಳ್ಳಿ. ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ, ಕರೆಯದಿದ್ದರೂ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೂರಿಸುತ್ತಾರೆ. ಕಳೆದ ಸಲ ನಮ್ಮ ಬಡಾವಣೆಯ ಎಷ್ಟೋ ಮನೆಯವರು ಅದೇ ಹಳ್ಳಿಯವರ ಹೊಲಗಳಲ್ಲಿ ಉಂಡು ಬಂದೆವು. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ. ಸಂಘದ ಪದಾಧಿಕಾರಿಗಳೂ ನಮ್ಮ ಜೊತೆಗಿದ್ದರು. ‘ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ ಸಾಹೇಬರೇ’ ಎಂದು ಅಜ್ಜನ ಸೊಸೆ ಒತ್ತಾಯ ಮಾಡಿ ಬಡಿಸಿದಳು. ಬದು ದಾಟುವಾಗ ಯಾರೂ ನಮ್ಮ ಕಾರ್ಡ್ ಕೇಳಲಿಲ್ಲ. ಆ ಅನ್ನದ ಋಣವನ್ನು ನಾವು ತೀರಿಸಿದ ರೀತಿ ಇದು. ಮುಂದಿನ ಎಳ್ಳಮಾವಾಸ್ಯೆಗೆ ಅವರು ಕರೆದರೆ ಯಾವ ಮುಖ ಹೊತ್ತು ಹೋಗುತ್ತೀರಿ? ನಾನಂತೂ ಈ ಬೀಗ ಇರುವವರೆಗೆ ಹೋಗಲಾರೆ.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಸಭೆ ಇದೆ. ನಕ್ಷೆ ಮತ್ತು ಹಕ್ಕು ಬಿಟ್ಟುಕೊಟ್ಟ ಪತ್ರದ ಪ್ರತಿಗಳನ್ನು ಮಾಡಿಸಿ ತರುತ್ತೇನೆ. ಬೀಗ ತೆಗೆಯಬೇಕು, ಫಲಕ ಇಳಿಸಬೇಕು, ಕೆಟ್ಟ ದೀಪ ಸರಿಪಡಿಸಬೇಕು, ಮೂರನೆಯ ಅಡ್ಡರಸ್ತೆಯ ಗುಂಡಿಯ ಬಗ್ಗೆ ಪಾಲಿಕೆಗೆ ಅರ್ಜಿ ಕೊಡಬೇಕು, ಇದಿಷ್ಟು ನನ್ನ ಕೋರಿಕೆ. ಒಪ್ಪದಿದ್ದರೆ ಸೋಮವಾರ ಜಿಲ್ಲಾಧಿಕಾರಿಗಳ ಕಚೇರಿಗೆ ಲಿಖಿತ ದೂರು ಹೋಗುತ್ತದೆ, ನನ್ನ ಹೆಸರಿನಲ್ಲೇ ಹೋಗುತ್ತದೆ. ನನ್ನ ಅಭಿಪ್ರಾಯ ಸರಿ ಎಂದು ಖಾಸಗಿಯಾಗಿ ಸಂದೇಶ ಕಳಿಸಿದ ಬಡಾವಣೆಯ ಗೆಳತಿಯರೇ, ಅಲ್ಲಿಗೆ ಬಂದು ಎದ್ದು ನಿಂತು ಹೇಳಿ. ಕೈ ಎತ್ತುವವರು ಹತ್ತು ಜನರಿದ್ದರೂ ಸಾಕು, ಕಾಗದದ ಬಲ ನಮ್ಮ ಕಡೆ ಇದೆ.