ತೇಜಸ್ ಮೇಲೆ ಪ್ರೀತಿ ಇದೆ, ಅದಕ್ಕೇ ಕೇಳುತ್ತಿದ್ದೇನೆ

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಯುದ್ಧವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸಿದ ಕೈ ಅವರದು. 2025ರ ನವೆಂಬರ್ 21ರ ಸಂಜೆ ಅವರ ಮನೆಯಲ್ಲಿದ್ದೆ. ದುಬೈನಲ್ಲಿ ನಮ್ಮ ದೇಶದ್ದೇ ಯುದ್ಧವಿಮಾನ ತೇಜಸ್ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡಿದ್ದರು. ಟಿವಿಯವರು ಅದೇ ಹೊಗೆಯನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಹಿರಿಯರು ಟಿವಿ ಬಂದ್ ಮಾಡಿ ಬಹಳ ಹೊತ್ತು ಸುಮ್ಮನೆ ಕೂತರು.

ಆಮೇಲೆ ಬುಟ್ಟಿಯಿಂದ ಹದಿನಾರು ಶೇಂಗಾಕಾಯಿ ಎಣಿಸಿ ಪೇಪರಿನ ಮೇಲೆ ಸಾಲಾಗಿ ಇಟ್ಟರು. "ಇದು ಒಂದು ಸ್ಕ್ವಾಡ್ರನ್ ಅನ್ಕೋ." ಎರಡು ಕಾಯಿ ಪಕ್ಕಕ್ಕೆ ಸರಿಸಿ, "ಇವು ಎಂಜಿನ್ ಬಿಚ್ಚಿದ್ದು." ಮೂರು ಸರಿಸಿ, "ಇವು ಬಿಡಿಭಾಗಕ್ಕ ಕಾಯಾಕತ್ತಾವ. ನಸುಕಿನ್ಯಾಗ ಕ್ಷಿಪಣಿ ಕಟ್ಕೊಂಡು ಎಷ್ಟು ಏಳ್ತಾವ, ಅಷ್ಟೇ ಲೆಕ್ಕ. ಹಾರೂದು ಬ್ಯಾರೆ ತಮ್ಮಾ, ಯುದ್ಧಕ್ಕ ನಿಂದ್ರೂದು ಬ್ಯಾರೆ."

ಒಂದು ಅಪಘಾತ ಹಿಡಿದು ಇಡೀ ವಿಮಾನವನ್ನೇ ಜರಿಯುವುದು ಅನ್ಯಾಯ. 2001ರ ಜನವರಿ 4ರಂದು ಮೊದಲ ಸಲ ಹಾರಿದ ತೇಜಸ್, 2024ರ ಮಾರ್ಚ್‌ನಲ್ಲಿ ಜೈಸಲ್ಮೇರ್ ಹತ್ತಿರ ಬೀಳುವವರೆಗೆ ಒಂದೂ ಬಿದ್ದಿರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ನನ್ನ ಸಂಕಟ ಆ ಶೇಂಗಾ ಲೆಕ್ಕದ್ದು.

ಹಳೆಯ ಮಿಗ್-21 ಯುದ್ಧವಿಮಾನ ನಿವೃತ್ತಿಯಾದ ಮೇಲೆ ನಮ್ಮ ಬಳಿ ಉಳಿದದ್ದು 29 ಸ್ಕ್ವಾಡ್ರನ್. ಇರಬೇಕಾದದ್ದು 42. ಆ ಜಾಗ ತುಂಬಬೇಕಾದ, ತೇಜಸ್‌ನ ಸುಧಾರಿತ ಮಾದರಿಯಾದ ಮಾರ್ಕ್-1ಎಗೆ 2021ರಲ್ಲಿ 83, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ 97, ಒಟ್ಟು 180 ವಿಮಾನಗಳ ಆರ್ಡರ್ ಆಗಿದೆ. ಮೊದಲನೆಯದು 2024ರ ಮಾರ್ಚ್ ಒಳಗೆ ವಾಯುಪಡೆಯ ಕೈಸೇರಬೇಕಿತ್ತು. ಆದರೆ ಅಮೆರಿಕದ ಜಿಇ ಕಂಪನಿಯಿಂದ ಈ ಆರ್ಡರಿನ ಮೊದಲ ಎಂಜಿನ್ ಬಂದದ್ದೇ 2025ರ ಮಾರ್ಚ್‌ನಲ್ಲಿ! ನಮ್ಮದೇ ಎಂಜಿನ್ ಇರಲಿ ಎಂದು 1989ರಲ್ಲಿ ಶುರುಮಾಡಿದ ಕಾವೇರಿ, ಬೇಕಾದಷ್ಟು ಬಲ ಕೊಡಲಾರದೆ 2008ರಲ್ಲಿ ತೇಜಸ್‌ನಿಂದ ದೂರವಾಯಿತು. ಅವತ್ತು ಕಳೆದುಕೊಂಡದ್ದಕ್ಕೆ ಇವತ್ತಿಗೂ ಬೆಲೆ ತೆರುತ್ತಿದ್ದೇವೆ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರ್ ಶೋದಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಅವರೇ, ತೇಜಸ್ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್ ಮೇಲೆ ತಮಗೆ ವಿಶ್ವಾಸ ಮೂಡುತ್ತಿಲ್ಲ ಎಂದರು. ಹಾರಿಸುವವರೇ ಹಾಗೆ ಹೇಳಿದಾಗ ತೆರಿಗೆ ಕಟ್ಟುವ ನಾವು ಬರೀ ಚಪ್ಪಾಳೆ ಹೊಡೆಯುತ್ತ ಕೂರಬೇಕೇ?

ಪ್ರಶ್ನೆ ಕೇಳಿದರೆ ದೇಶದ್ರೋಹ ಎನ್ನುವವರು ನಮ್ಮ ಹುಬ್ಬಳ್ಳಿಯ ಬೆಂಗೇರಿಗೆ ಬರಲಿ. ಅಲ್ಲಿ ಹೆಣ್ಣುಮಕ್ಕಳು ರಾಷ್ಟ್ರಧ್ವಜ ಹೊಲಿಯುತ್ತಾರೆ. ಎಳೆ, ಬಣ್ಣ, ಅಳತೆ, ಚಕ್ರದ 24 ಗೆರೆ, ಎಲ್ಲವನ್ನೂ ನೋಡುತ್ತಾರೆ. ಅಳತೆ ತಪ್ಪಿದ ಧ್ವಜ ಹೊರಗೆ ಹೋಗುವುದಿಲ್ಲ. ಹಾಗೆ ತಿರುಗಿಸಿ ಕಳಿಸಿದವರ ದೇಶಪ್ರೇಮವನ್ನು ಇಲ್ಲಿ ಯಾರೂ ಅನುಮಾನಿಸಿಲ್ಲ.

ಕೇಳಿದ್ದರಿಂದ ತೇಜಸ್‌ಗೆ ಒಳ್ಳೆಯದೇ ಆಗಿದೆ. 2015ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಮೊದಲ ಮಾದರಿಯಲ್ಲಿ 53 ಕೊರತೆಗಳನ್ನು ಪಟ್ಟಿಮಾಡಿತು. ಶತ್ರುವಿನ ರಾಡಾರನ್ನು ಮಂಕುಗೊಳಿಸುವ ಜಾಮರ್ ಇಡಲು ಜಾಗವೇ ಇರಲಿಲ್ಲ. ಅಂಥ ಕೊರತೆ ತುಂಬಲೆಂದೇ ಮಾರ್ಕ್-1ಎ ರೂಪುಗೊಂಡದ್ದು, ಅದರಲ್ಲಿ ಜಾಮರ್ ರೆಕ್ಕೆಯ ಕೆಳಗೆ ಬರುತ್ತದೆ. ಈಗ ಸಂಸತ್ತಿನಲ್ಲಿ ಯಾರಾದರೂ ಎದ್ದು ನಿಂತು ಕೇಳಲಿ: ಆ ಜಾಮರ್, ಹೊಸ ರಾಡಾರ್, ಅಸ್ತ್ರ ಕ್ಷಿಪಣಿ ಮೂರೂ ಒಟ್ಟಿಗೆ ಕೆಲಸ ಮಾಡುವ ವಿಮಾನ ಸ್ಕ್ವಾಡ್ರನ್‌ಗೆ ಯಾವ ತಿಂಗಳು ಸೇರುತ್ತದೆ? ಸೇರಿದ ಮೇಲೆ ಹದಿನಾರರಲ್ಲಿ ಎಷ್ಟು ಏಳುತ್ತವೆ? ನಮ್ಮ ಧಾರವಾಡ, ಗದಗ, ಹಾವೇರಿಯ ಸಂಸದರು ಕೇಳಿದರೆ ನನಗೆ ಇನ್ನೂ ಖುಷಿ.