ಬರೆದವನೇ ಹಿಂದಕ್ಕೆ ಪಡೆದ ಪುಸ್ತಕ

ಕೊಲೆ ಸುದ್ದಿ ಬಂದಾಗಲೆಲ್ಲ ಇಲ್ಲಿ ಎರಡು ಬಣ ಎದ್ದು ನಿಲ್ಲುತ್ತವೆ. ‘ಇಂಥವನ್ನೆಲ್ಲ ಓದಿ, ನೋಡಿಯೇ ಹುಡುಗರು ಕೆಡೋದು’ ಅನ್ನುವವರು ಒಂದು ಕಡೆ. ‘ಕತೆನ ಕತೆ ಥರ ನೋಡ್ರೀ’ ಅನ್ನುವವರು ಇನ್ನೊಂದು ಕಡೆ. ಎರಡೂ ಸೋಮಾರಿ ಮಾತು ಅನ್ನಿಸುವಾಗ ನನಗೆ ಅಮೆರಿಕದ ಭಯಾನಕ ಕತೆಗಳ ಕಾದಂಬರಿಕಾರ ಸ್ಟೀಫನ್ ಕಿಂಗ್ ನೆನಪಾಗುತ್ತಾನೆ.

ಹೈಸ್ಕೂಲಿನಲ್ಲಿದ್ದಾಗಲೇ ಅವನು ಬರೆಯಲು ಶುರುಮಾಡಿದ್ದ ‘ರೇಜ್’ ಕಾದಂಬರಿ 1977ರಲ್ಲಿ ರಿಚರ್ಡ್ ಬಾಕ್‌ಮನ್ ಅನ್ನೋ ಹೆಸರಲ್ಲಿ ಅಚ್ಚಾಯಿತು. ಒಬ್ಬ ಹುಡುಗ ಟೀಚರನ್ನು ಗುಂಡಿಟ್ಟು ಕೊಂದು, ತರಗತಿಯನ್ನು ಒತ್ತೆ ಇಟ್ಟುಕೊಳ್ಳುವ ಕತೆ. 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಮರುವರ್ಷ ಕೆಂಟಕಿಯಲ್ಲಿ ಹುಡುಗರು ಹಾಗೇ ತರಗತಿಯನ್ನು ಒತ್ತೆ ಇಟ್ಟುಕೊಂಡರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 1996ರಲ್ಲಿ ವಾಷಿಂಗ್ಟನ್ ರಾಜ್ಯದ ಮೋಸೆಸ್ ಲೇಕ್ ಊರಿನ ಶಾಲೆಯಲ್ಲಿ ಹುಡುಗನೊಬ್ಬನ ಗುಂಡಿಗೆ ಮೂವರು ಸತ್ತರು. 1997ರ ಡಿಸೆಂಬರಿನಲ್ಲಿ ಕೆಂಟಕಿಯ ಇನ್ನೊಂದು ಶಾಲೆಯಲ್ಲಿ ಮೂವರು ಹುಡುಗಿಯರು. ಕೊಂದವನ ಲಾಕರಿನಲ್ಲಿ ಈ ಪುಸ್ತಕ ಸಿಕ್ಕಿತು.

ಕಿಂಗ್ ಪ್ರಕಾಶಕರಿಗೆ ಹೇಳಿ ಅಚ್ಚು ನಿಲ್ಲಿಸಿದ. ಕಾನೂನು ಅವನ ಪರವಾಗಿಯೇ ಇತ್ತು, ಯಾರೂ ಒತ್ತಾಯಿಸಲಿಲ್ಲ. ಆ ಹುಡುಗರು ಮೊದಲೇ ಒಡೆದುಹೋಗಿದ್ದರು, ನನ್ನ ಪುಸ್ತಕ ಅವರನ್ನು ಕೊಲೆಗಾರರನ್ನಾಗಿ ಮಾಡಲಿಲ್ಲ, ಆದರೆ ಬೆಂಕಿಗೆ ಎಣ್ಣೆ ಆಗಿರಬಹುದು ಎಂದು ಆಮೇಲೆ ಬರೆದ.

ನನಗೆ ಮುಖ್ಯ ಅನ್ನಿಸುವುದು, ಅವನು ಇದೊಂದನ್ನೇ ಹಿಂದಕ್ಕೆ ಪಡೆದದ್ದು. ಇದಕ್ಕಿಂತ ಹೆಚ್ಚು ರಕ್ತ ಹರಿಯುವ ಅವನ ಕಾದಂಬರಿಗಳು ಇವತ್ತಿಗೂ ಅಂಗಡಿಯಲ್ಲಿವೆ. ‘ರೇಜ್’ನಲ್ಲಿ ಏನಾಗುತ್ತದೆ ನೋಡಿ: ಒತ್ತೆಯಲ್ಲಿರುವ ಸಹಪಾಠಿಗಳು ನಿಧಾನಕ್ಕೆ ಬಂದೂಕು ಹಿಡಿದವನ ಪಾರ್ಟಿಯಾಗುತ್ತಾರೆ. ಎದುರಾಡಿದ ಒಬ್ಬನ ಮೇಲೆ ಎಲ್ಲರೂ ಸೇರಿ ಬೀಳುತ್ತಾರೆ. ಯಾರೂ ತನ್ನನ್ನು ಮಾತಾಡಿಸುವುದಿಲ್ಲ ಎಂದು ಒಳಗೇ ಕುದಿಯುವ ಹದಿನಾಲ್ಕರ ಹುಡುಗನಿಗೆ ಆ ಕ್ಲಾಸ್‌ರೂಮಿಗಿಂತ ದೊಡ್ಡ ಕನಸು ಯಾವುದಿದೆ? ಕತ್ತಲೆ ಬರೆಯುವವರನ್ನು ನಾನು ಕೇಳುವುದು ಇಷ್ಟೇ, ಹೆಣ ಎಷ್ಟು ಬಿತ್ತು ಅಂತಲ್ಲ, ಚಪ್ಪಾಳೆ ಯಾರಿಗೆ ಕೊಡಿಸಿದಿರಿ ಅಂತ.

ಹಾಗಂತ ನಿಷೇಧದ ಬಣಕ್ಕೆ ನಾನು ಸೇರುವುದಿಲ್ಲ. 1775ರಲ್ಲಿ ಜರ್ಮನ್ ಕವಿ ಗಯಟೆಯ ‘ವೆರ್ಟರ್’ ಕಾದಂಬರಿಯನ್ನು, ಅದು ಆತ್ಮಹತ್ಯೆಗೆ ಪ್ರೇರಣೆ ಕೊಡುತ್ತದೆ ಎಂದು, ಲೈಪ್‌ಜಿಗ್ ನಗರದವರು ನಿಷೇಧಿಸಿದ್ದರು. ಅಲ್ಲಿ ತೀರ್ಮಾನ ಅಧಿಕಾರಿಗಳದ್ದು, ಇಲ್ಲಿ ಬರೆದವನದ್ದು. ನನಗೆ ಆ ವ್ಯತ್ಯಾಸ ಬಹಳ ದೊಡ್ಡದು.

ಇನ್ನೊಂದು ವಿಷಯ. ಕಿಂಗ್‌ನನ್ನು ಇದಕ್ಕಾಗಿ ಹೊಗಳುವವರು ಅವನು 2013ರಲ್ಲಿ, ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ಬೆನ್ನಲ್ಲೇ ಬರೆದ ‘ಗನ್ಸ್’ ಪ್ರಬಂಧದ ಉಳಿದರ್ಧ ಬಿಟ್ಟುಬಿಡುತ್ತಾರೆ. ಅಪರಾಧ ನನ್ನದಲ್ಲದಿದ್ದರೂ ಜವಾಬ್ದಾರಿ ಹೊತ್ತು ಪುಸ್ತಕ ಬಿಟ್ಟೆ, ಬಂದೂಕಿನ ಪರ ನಿಂತವರೂ ಹಾಗೇ ಮಾಡಲಿ ಅನ್ನುತ್ತಾನೆ ಅಲ್ಲಿ. ಸ್ವತಃ ಬಂದೂಕು ಇಟ್ಟುಕೊಂಡವನ ಮಾತು ಅದು.