ಅಪ್ಪ ಡ್ರ್ಯಾಗನ್, ಅಮ್ಮ ಮನುಷ್ಯಳು, ಮಗನಿಗೆ ಬರೀ ಕಣ್ಣು ಬಂಗಾರ

ಹೌದು, ಮತ್ತೆ ಅದೇ ವಿಷಯ: ಫ್ಯಾಂಟಸಿ ಕಥೆಗಳ ಬೆರಕೆ ಮಕ್ಕಳು. ಬೇಜಾರಾದೋರು ಮುಂದಿನ ಪೋಸ್ಟಿಗೆ ಹೋಗಬಹುದು, ನಾನೇನೂ ಅಂದ್ಕೊಳಲ್ಲ.

ನಿನ್ನೆ ರಾತ್ರಿ ಎರಡು ಗಂಟೆವರೆಗೆ ನಿದ್ದೆಗೆಟ್ಟು ಒಂದು ದಪ್ಪ ಫ್ಯಾಂಟಸಿ ಕಾದಂಬರಿ ಮುಗಿಸಿದೆ. ಹೆಸರು ಹೇಳಲ್ಲ. ನಾಯಕನ ಅಪ್ಪ ಡ್ರ್ಯಾಗನ್. ಗೋಪುರದಷ್ಟು ದೊಡ್ಡದು, ಬೆಂಕಿ ಉಗುಳುತ್ತೆ, ಮೈತುಂಬ ಹುರುಪೆ. ಅಮ್ಮ ಮನುಷ್ಯಳು. ಮಗ? ಆರಡಿ ಎತ್ತರ, ಹರವಾದ ಎದೆ, ಕಣ್ಣು ಮಾತ್ರ ಬಂಗಾರದ ಬಣ್ಣ. ಮುಗೀತು. ಅಪ್ಪನ ಕಡೆಯಿಂದ ಬಂದ ಆಸ್ತಿ ಅಷ್ಟೇ, ಒಂದು ಜೊತೆ ಕಾಂಟ್ಯಾಕ್ಟ್ ಲೆನ್ಸು!

ಎರಡು ಪ್ರಭೇದ ಬೆರೆಯೋದು ಅಂದ್ರೆ ಎರಡು ಡಬ್ಬಿ ಬಣ್ಣ ಕಲಸೋದು ಅಂತ ಇವರಿಗೆ ಯಾರು ಹೇಳಿಕೊಟ್ರೋ. ಲೈಗರ್ ನೋಡಿ. ಅಪ್ಪ ಸಿಂಹ, ಅಮ್ಮ ಹುಲಿ. ಹುಟ್ಟಿದ್ದು ಇಬ್ಬರ ನಡುವಿನ ಅಳತೆಗೆ ಬರಬೇಕಿತ್ತು ತಾನೇ? ಇಬ್ಬರನ್ನೂ ಮೀರಿ ಬೆಳೆಯುತ್ತೆ. ಅದೇ ಅಪ್ಪ ಹುಲಿ, ಅಮ್ಮ ಸಿಂಹಿಣಿ ಆದ್ರೆ ಹುಟ್ಟೋದು ಟೈಗಾನ್, ಅದು ಹಾಗೆ ಬೆಳೆಯಲ್ಲ. ಅವೇ ಎರಡು ಪ್ರಾಣಿ, ಅಪ್ಪ ಯಾರು ಅಮ್ಮ ಯಾರು ಅನ್ನೋದು ಅದಲುಬದಲಾದ್ರೆ ಮರಿಯೇ ಬೇರೆ! ಇದನ್ನೇ ಎಲ್ಫ್‌ಗಳಿಗೆ (ಫ್ಯಾಂಟಸಿ ಕಥೆಗಳಲ್ಲಿ ಬರೋ, ಮನುಷ್ಯರ ಹಾಗೇ ಕಾಣೋ ಮಾಯಾಜನ) ಹಚ್ಚಿ ನೋಡಿ: ಅಮ್ಮ ಎಲ್ಫ್ ಆದೋರದ್ದೊಂದು ಕುಲ, ಅಪ್ಪ ಎಲ್ಫ್ ಆದೋರದ್ದೊಂದು ಕುಲ, ಇಬ್ಬರಿಗೂ ಮುಖ ಕಂಡ್ರಾಗಲ್ಲ. ಕಥೆ ಬಂದು ಬಾಗಿಲು ತಟ್ತಾ ನಿಂತಿದೆ, ತೆಗೆಯೋರೇ ಇಲ್ಲ.

ಇನ್ನು ವಂಶದ ವಿಚಾರ. ಕುದುರೆಗೆ 64 ಕ್ರೋಮೋಸೋಮ್ (ಜೀವಕೋಶದಲ್ಲಿ ವಂಶದ ಗುಣ ಹೊತ್ತಿರೋ ಎಳೆಗಳು), ಕತ್ತೆಗೆ 62, ಅವೆರಡರ ಬೆರಕೆ ಹೇಸರಗತ್ತೆಗೆ 63. ಜೋಡಿ ಕೂಡಿಸೋವಾಗ ಲೆಕ್ಕ ತಪ್ಪುತ್ತೆ, ಹಾಗಾಗಿ ಹೇಸರಗತ್ತೆಗೆ ಮರಿಯಾಗೋದು ಅಪರೂಪದಲ್ಲಿ ಅಪರೂಪ. ಹಾಲ್ಡೇನ್ ಅನ್ನೋ ಪುಣ್ಯಾತ್ಮ ವಿಜ್ಞಾನಿ 1922ರಲ್ಲೇ ಒಂದು ಸೂತ್ರ ಹೇಳಿದ್ದ: ಬೆರಕೆ ಮರಿಗಳಲ್ಲಿ ಗಂಡು ಹೆಣ್ಣು ಎರಡರಲ್ಲಿ ಒಂದಕ್ಕೆ ಮಾತ್ರ ಸಂತಾನ ಇಲ್ಲ ಅಂತಾದ್ರೆ, ಸಸ್ತನಿಗಳಲ್ಲಿ ಸಾಮಾನ್ಯವಾಗಿ ಅದು ಗಂಡು, ಹಕ್ಕಿಗಳಲ್ಲಿ ಹೆಣ್ಣು. ಗಂಡು ಲೈಗರ್‌ಗೆ ಮರಿಯಾಗಲ್ಲ. ಹೆಣ್ಣಿಗೆ ಆಗುತ್ತೆ, 2012ರಲ್ಲಿ ನೊವೊಸಿಬಿರ್ಸ್ಕ್ ಮೃಗಾಲಯದಲ್ಲಿ ಸಿಂಹದ ಜೊತೆ ಕೂಡಿ ಆಗಿದೆ.

ಈಗ ನಮ್ಮ ಹೀರೋಗೆ ಬನ್ನಿ. ಕೊನೇ ಅಧ್ಯಾಯದಲ್ಲಿ ಅವನಿಗೆ ಅವಳಿ ಗಂಡುಮಕ್ಕಳು, ಪಟ್ಟಕ್ಕೆ ವಾರಸುದಾರರು. ಅವನಿಗೊಬ್ಬ ತಂಗಿ ಇದ್ಲು, ಅವಳನ್ನ ಮೂರನೇ ಅಧ್ಯಾಯದಲ್ಲೇ ಸಾಯಿಸಿದಾರೆ. ಸಿಂಹಾಸನ ಅವಳ ಹೊಟ್ಟೆಯಲ್ಲಿತ್ತು ಸ್ವಾಮೀ! (ಡ್ರ್ಯಾಗನ್ ಸಸ್ತನಿ ಅಲ್ಲವಲ್ಲ ಅಂತೀರಾ? ಮಗ ಹೊಳೆಯಲ್ಲಿ ಸ್ನಾನ ಮಾಡೋವಾಗ ಹೊಕ್ಕಳನ್ನ ಒಂದು ಪ್ಯಾರಾ ವರ್ಣಿಸಿದಾರೆ.)

"ಫ್ಯಾಂಟಸಿ ಕಣ್ರೀ, ಮಂತ್ರ ಮಾಯೆಗೂ ಜೀವಶಾಸ್ತ್ರ ಬೇಕಾ?" ಅಂತ ಯಾರಾದ್ರೂ ಕಾಮೆಂಟ್ ಹಾಕೇ ಹಾಕ್ತೀರಿ. ಸರಿ, ಮಾಯೆ ಅಂತಲೇ ಇಟ್ಕೊಳಿ. ಘಟೋತ್ಕಚನ ಕಥೆಯಲ್ಲಿ ಕ್ರೋಮೋಸೋಮ್ ಎಲ್ಲಿದೆ? ಆದ್ರೆ ಅವನು ಕಣ್ಣಿನ ಬಣ್ಣ ಬೇರೆಯಾದ ಭೀಮ ಅಲ್ಲ. ಹುಟ್ಟಿದ ಕೂಡಲೇ ಬೆಳೆದು ನಿಂತೋನು, ರಾತ್ರಿಯಾದ್ರೆ ಬಲ ಹೆಚ್ಚೋನು, ಅಮ್ಮನ ಕಡೆಯೋನು. ಅಪ್ಪನ ಮನೆಗೆ ಅವನ ನೆನಪಾಗೋದು ಕಷ್ಟ ಬಂದಾಗ. ಕರ್ಣನ ಶಕ್ತ್ಯಾಯುಧ ಖರ್ಚಾಯ್ತಲ್ಲ ಅಂತ ಅವನ ಸಾವಿಗೆ ಕೃಷ್ಣ ಕುಣೀತಾನೆ. ಮಾಯೆ ಅಂದ್ರೆ ಹಾಗೆ, ಪಕ್ಕದಲ್ಲೇ ತೆರಬೇಕಾದ ಬೆಲೆಯೂ ಇರುತ್ತೆ.

ಅನ್ಯಗ್ರಹದೋರ ಜೊತೆ ಮಕ್ಕಳಾಗೋ ಸುದ್ದಿ ಬೇಡ. ಬೇರೆ ನಕ್ಷತ್ರದ ಬಳಿ ತನ್ನ ಪಾಡಿಗೆ ಶುರುವಾದ ಜೀವಕ್ಕಿಂತ ಅಣಬೆ ನಮಗೆ ಹತ್ತಿರದ ನೆಂಟ. ಅಷ್ಟು ಸಾಕು.

ನಿಯಾಂಡರ್ತಾಲರ (ಈಗ ಅಳಿದುಹೋದ ಹಳೇ ಮನುಷ್ಯಕುಲ) ಮಾತು ತೆಗೆದ್ರೆ ಮಾತ್ರ ನಾನು ಸ್ವಲ್ಪ ಮೆತ್ತಗಾಗ್ತೀನಿ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕಿದ್ದು ಸುಮಾರು ಎರಡು ಸೆಂಟಿಮೀಟರಿನ ಮೂಳೆಚೂರು. ಅಮ್ಮ ನಿಯಾಂಡರ್ತಾಲ್, ಅಪ್ಪ ಡೆನಿಸೋವನ್ (ಅಂಥದೇ ಇನ್ನೊಂದು ಅಳಿದ ಕುಲ) ಅಂತ 2018ರಲ್ಲಿ ಗೊತ್ತಾಯ್ತು. ಸುಮಾರು 90,000 ವರ್ಷದ ಹಿಂದಿನ ಹುಡುಗಿ, ಹದಿಮೂರೋ ಚೂರು ಹೆಚ್ಚೋ ವಯಸ್ಸು. ಆ ಹುಡುಗಿ ಯಾರ ಗುಂಪಿನಲ್ಲಿ ಕೂತು ಉಣ್ತಿದ್ಲು, ಯಾರ ಮಾತಾಡ್ತಿದ್ಲು ಅಂತ ನಾನು ಎಷ್ಟೋ ರಾತ್ರಿ ಯೋಚನೆ ಮಾಡಿದೀನಿ. ಆದ್ರೆ ಅವರು ಕೆಲವು ಲಕ್ಷ ವರ್ಷದ ಹಿಂದೆ ಬೇರೆ ಮನೆ ಮಾಡಿದ ದಾಯಾದಿಗಳು. ನಿಮ್ಮ ಎಲ್ಫೂ ಹಾಗೇನಾ? ಹಾಗಾದ್ರೆ ಎಲ್ಫೂ ಮನುಷ್ಯನೇ ಅಂತ ಧೈರ್ಯವಾಗಿ ಬರೀರಿ. ಮನುಷ್ಯರ ಜೊತೆ ಮದುವೆ ಬೇಡ ಅನ್ನೋ ಮುದಿ ಎಲ್ಫ್ ರಾಜನ ಮುಖ ಆಗ ನೋಡಬೇಕು.

ಇಷ್ಟೆಲ್ಲ ಹಾರಾಡಿ, ಬೆಳಿಗ್ಗೆ ಅಟ್ಟದ ಮೇಲಿಂದ ನನ್ನ ಕಾಲೇಜು ದಿನಗಳ ನೋಟ್‌ಬುಕ್ ಇಳಿಸಿದೆ. ಒಳರಟ್ಟಿನ ಮೇಲೆ ವಂಶವೃಕ್ಷ. ಒಂದು ಕಡೆ ಮತ್ಸ್ಯಕನ್ಯೆ, ಇನ್ನೊಂದು ಕಡೆ ಬೇಟೆಗಾರ, ನಡುವೆ ಗೀಟು, ಗೀಟಿನ ತುದಿಗೆ ನಾಯಕಿ. ಬ್ರಾಕೆಟ್ಟಿನಲ್ಲಿ: ಹಸಿರು ಕಣ್ಣು. ಪಕ್ಕದಲ್ಲಿ ಗೆಳತಿ ಪೆನ್ಸಿಲಿನಲ್ಲಿ ಕೇಳಿದಾಳೆ, "ಮೊಟ್ಟೆನಾ, ಮಗುನಾ?" ಅವಳ ಜೊತೆ ಹದಿನೈದು ದಿನ ಮಾತು ಬಿಟ್ಟಿದ್ದು ನೆನಪಿದೆ. ಕೆಳಗೆ ನಾನು ಇಂಕಿನಲ್ಲಿ, ಎರಡು ಗೀಟೆಳೆದು ಉತ್ತರ ಬರೆದಿದ್ದು ಮರೆತೇ ಹೋಗಿತ್ತು:

"ಅದೆಲ್ಲ ಮುಖ್ಯ ಅಲ್ಲ."